ಪಯಸ್ವಿನಿಯ ನೀರಿಗೆ ಲೆಕ್ಕ ಬೇಡವೇ?

ನನ್ನ ಮಾಮೂ ದುಡಿಯುವ ರಿಯಾದ್‌ನಲ್ಲಿ ನದಿಯಿಲ್ಲ, ವರ್ಷದ ಮಳೆ ಸುಮಾರು 100 ಮಿ.ಮೀ. ಜುಬೈಲ್‌ನಲ್ಲಿ ಸಮುದ್ರದ ನೀರಿನ ಉಪ್ಪು ತೆಗೆದು, 400 ಕಿ.ಮೀ.ಗೂ ಹೆಚ್ಚು ದೂರ ಪೈಪಿನಲ್ಲಿ, ಸುಮಾರು 600 ಮೀಟರ್ ಎತ್ತರಕ್ಕೆ ಪಂಪ್ ಮಾಡುತ್ತಾರೆ. ಒತ್ತಡದಿಂದ ಸೋಸುವ ಹೊಸ ವಿಧಾನದಲ್ಲೂ 1,000 ಲೀಟರ್ ಸಿಹಿನೀರಿಗೆ 3–4 ಯೂನಿಟ್ ಕರೆಂಟ್ ಬೇಕು. ಸಾಗಾಟದ ಖರ್ಚು ಬೇರೆ. ಕಾಮರ್ಸ್ ಭಾಷೆಯಲ್ಲಿ ಹೇಳುವುದಾದರೆ, ಅಲ್ಲಿ ನೀರು ಉತ್ಪಾದನಾ ವೆಚ್ಚವಿರುವ ಸರಕು.

ಸಂಪಾಜೆಯಲ್ಲಿ 3,000 ಮಿ.ಮೀ.ಗೂ ಹೆಚ್ಚು ಮಳೆ. ಆದರೂ ಏಪ್ರಿಲ್‌ನಲ್ಲಿ ಪಯಸ್ವಿನಿಯ ಕಲ್ಲುಗಳು ಕಾಣುತ್ತವೆ. ತೋಟದ 10 ಎಚ್‌ಪಿವರೆಗಿನ ಪಂಪಿಗೆ ಕರೆಂಟ್ ಉಚಿತ. ಅದನ್ನು ನಿಲ್ಲಿಸಿ ಎನ್ನುತ್ತಿಲ್ಲ, ನಮಗೂ ಅಡಿಕೆ ಇದೆ! ಆದರೆ ಉಳಿಸಿದ ನೀರು ಯಾರ ಖಾತೆಗೂ ಜಮೆಯಾಗದಿದ್ದರೆ ಸ್ಪ್ರಿಂಕ್ಲರ್ ಬಿಟ್ಟು ಹನಿ ನೀರಾವರಿಗೆ ಹೋಗುವವರು ಯಾರು? ಬೇಸಿಗೆಯಲ್ಲಿ ಹೊಳೆಗೆ ಇಳಿಸುವ ಪಂಪುಗಳಿಗೆ ಗಂಟೆಯ ಮಿತಿ ಇರಲಿ, ನಮ್ಮ ಪಂಪಿಗೂ. ಕೆಳಗೆ ಸುಳ್ಯ ಪೇಟೆಯವರು ಕುಡಿಯುವುದೂ ಇದೇ ನೀರನ್ನು.