ಆಡುವವನ ಕಣ್ಣೀರು

ಕಾವ್ಯವನ್ನೋದಿ ಕಣ್ಣೀರಿಟ್ಟವರನ್ನು ಲೋಕವು ಸಹೃದಯರೆಂದು ಕರೆಯುತ್ತದೆ. ನಾಟಕವನ್ನು ಕಂಡು ಗದ್ಗದಿತರಾದವರಿಗೂ ಅದೇ ಗೌರವ. ಆದರೆ ವಿಡಿಯೋ ಆಟವನ್ನಾಡಿ ಯಾರಾದರೂ ಕಣ್ಣೊರೆಸಿಕೊಂಡರೆ ಹಿರಿಯರಿಗೆ ನಗು ಬರುತ್ತದೆ. ಗುಂಡು ಹಾರಿಸುವುದು, ಕಾರು ಓಡಿಸುವುದು, ಅಂಕ ಗಳಿಸುವುದು, ಇಷ್ಟರಲ್ಲಿ ಅಳುವಂಥದೇನಿದೆ ಎಂಬುದು ಅವರ ಪ್ರಶ್ನೆ. ಪ್ರಶ್ನೆ ಸಹಜವಾದುದೇ. ಎರಡು ಆಟಗಳನ್ನು ಪರಿಶೀಲಿಸಿದರೆ ಅದಕ್ಕೆ ಉತ್ತರ ದೊರೆತೀತು.

ಮೊದಲನೆಯದು, ಲ್ಯೂಕಾಸ್ ಪೋಪ್ ಎಂಬಾತನು ರಚಿಸಿ 2013ರಲ್ಲಿ ಹೊರತಂದ ‘ಪೇಪರ್ಸ್, ಪ್ಲೀಸ್’. ಆರ್‌ಸ್ಟೋಟ್ಸ್‌ಕಾ ಎಂಬ ಕಲ್ಪಿತ ದೇಶ; ಕಾಲ 1982. ಆಡುವವನು ಅದರ ಗಡಿಯಲ್ಲಿ ಪಾಸ್‌ಪೋರ್ಟುಗಳನ್ನು ಪರೀಕ್ಷಿಸುವ ಸಾಮಾನ್ಯ ನೌಕರ. ಬಂದವರ ಕಾಗದಪತ್ರಗಳನ್ನು ನೋಡಿ ಒಪ್ಪಿಗೆಯ ಮುದ್ರೆಯನ್ನೋ ನಿರಾಕರಣೆಯ ಮುದ್ರೆಯನ್ನೋ ಒತ್ತುವುದು ಅವನ ಕೆಲಸ. ಎಷ್ಟು ಜನರ ಪರೀಕ್ಷೆ ಮುಗಿಯಿತೋ ಅಷ್ಟೇ ಸಂಬಳ. ಸಂಜೆ ಆ ಹಣದಲ್ಲಿ ಮನೆಯ ಬಾಡಿಗೆ ಸಲ್ಲಬೇಕು, ಊಟ ನಡೆಯಬೇಕು, ಚಳಿಗೆ ಮನೆ ಬೆಚ್ಚಗಿರಬೇಕು. ಹೆಂಡತಿ, ಮಗ, ಅತ್ತೆ ಮೊದಲಾದವರು ಅವನ ದುಡಿಮೆಯನ್ನೇ ನಂಬಿದ್ದಾರೆ.

ಒಂದು ದಿನ ಗಂಡಸೊಬ್ಬನು ಸರಿಯಾದ ಕಾಗದಗಳೊಡನೆ ಬರುತ್ತಾನೆ. ಹಿಂದೆ ನಿಂತಿರುವ ತನ್ನ ಹೆಂಡತಿಗೆ ದಯೆ ತೋರಬೇಕೆಂದು ಬೇಡಿಕೊಂಡು ಗಡಿಯನ್ನು ದಾಟುತ್ತಾನೆ. ಆಕೆಯಲ್ಲಿ ಪ್ರವೇಶಪತ್ರವಿಲ್ಲ. ಹಿಂದಿರುಗಿದರೆ ತನ್ನನ್ನು ಕೊಲ್ಲುವರೆಂದು ಆಕೆ ಹೇಳಿಕೊಳ್ಳುತ್ತಾಳೆ. ಆಕೆಯನ್ನು ಒಳಗೆ ಬಿಟ್ಟರೆ ನೌಕರನಿಗೆ ತಪ್ಪಿನ ಚೀಟಿ ಬರುವುದು ನಿಶ್ಚಯ. ದಿನದ ಮೊದಲ ಎರಡು ಚೀಟಿಗಳು ಬರಿಯ ಎಚ್ಚರಿಕೆ, ಮೂರನೆಯದರಿಂದ ದಂಡ. ಅಂದು ಆಗಲೇ ಎರಡು ಬಾರಿ ತಪ್ಪಿದವನು ದಯೆ ತೋರಿದರೆ ಅದರ ಬೆಲೆಯನ್ನು ಮನೆಯವರ ಊಟದಿಂದಲೇ ತೆರಬೇಕು.

ಕಾದಂಬರಿಯಲ್ಲಿ ಈ ಪ್ರಸಂಗ ಬಂದರೆ ಓದುಗನು ನೌಕರನನ್ನು ಮೆಚ್ಚಬಹುದು, ಇಲ್ಲವೇ ಶಪಿಸಬಹುದು. ಏನಾಯಿತೆಂಬುದನ್ನು ಲೇಖಕನು ಮೊದಲೇ ನಿರ್ಣಯಿಸಿದ್ದಾನೆ. ಆಟದಲ್ಲಿಯಾದರೋ ಮುದ್ರೆಯು ಆಡುವವನ ಕೈಯಲ್ಲಿಯೇ ಇದೆ. ಅವನು ಒತ್ತಿದಲ್ಲದೆ ಕಥೆ ಮುಂದೆ ಸಾಗದು. ರಂಗದ ಮೇಲಿನ ದುಃಖವನ್ನು ಪ್ರೇಕ್ಷಕನು ತನ್ನದೆಂದಾಗಲಿ ಪರರದೆಂದಾಗಲಿ ಎಣಿಸದೆ ಆಸ್ವಾದಿಸುವನೆಂದು ನಮ್ಮ ಆಲಂಕಾರಿಕರು ಹೇಳಿದರು. ಇಲ್ಲಿ ಆ ನಿಶ್ಚಿಂತೆ ಇಲ್ಲ. ‘ಅಯ್ಯೋ, ಪಾಪ’ ಎಂಬ ಮರುಕದ ಜೊತೆಗೆ ‘ಇದನ್ನು ಮಾಡಿದವನು ನಾನೇ’ ಎಂಬ ಅಳುಕೂ ಬೆರೆಯುತ್ತದೆ.

ಎರಡನೆಯ ಆಟದಲ್ಲಿ ಕಲ್ಪನೆಗಿಂತ ನಿಜದ ಪಾಲೇ ಹೆಚ್ಚು. ಅಮೆರಿಕದ ರಯನ್ ಗ್ರೀನ್ ಮತ್ತು ಏಮಿ ಗ್ರೀನ್ ದಂಪತಿಗಳ ಮಗ ಜೋಯಲ್. ವರ್ಷದ ಕೂಸಾಗಿದ್ದಾಗಲೇ ಅವನಿಗೆ ಮೆದುಳಿನ ಕ್ಯಾನ್ಸರ್ ತಗುಲಿತು. ಮಗನು ಬದುಕಿರುವಾಗಲೇ ತಂದೆತಾಯಿಗಳು ಸಂಗಡಿಗರೊಡನೆ ಆತನ ಕಥೆಯನ್ನು ಆಟವಾಗಿ ರೂಪಿಸತೊಡಗಿದರು. 2014ರಲ್ಲಿ, ಐದನೆಯ ವಯಸ್ಸಿನಲ್ಲಿ, ಜೋಯಲ್ ತೀರಿಕೊಂಡನು. ‘ದಟ್ ಡ್ರ್ಯಾಗನ್, ಕ್ಯಾನ್ಸರ್’ ಎಂಬ ಆ ಆಟವು 2016ರ ಜನವರಿಯಲ್ಲಿ ಪ್ರಕಟವಾಯಿತು.

ಅದರಲ್ಲೊಂದು ರಾತ್ರಿ. ಆಸ್ಪತ್ರೆಯ ಕೋಣೆಯಲ್ಲಿ ತಂದೆ ಮತ್ತು ಮಗು ಇಬ್ಬರೇ. ಮಗುವಿಗೆ ನೀರಡಿಕೆ, ಕುಡಿಸಿದ್ದು ಒಳಗೆ ನಿಲ್ಲದು. ಅಳು ನಿಲ್ಲದು. ಆಡುವವನು ಏನೇನೋ ಯತ್ನಿಸುತ್ತಾನೆ, ಯಾವುದೂ ಫಲಿಸುವುದಿಲ್ಲ. ಸರಿಯಾದ ಗುಂಡಿಯನ್ನೊತ್ತಿದರೆ ಬಾಗಿಲು ತೆರೆದೀತು, ಶತ್ರು ಸತ್ತಾನು ಎಂದು ಉಳಿದೆಲ್ಲ ಆಟಗಳೂ ಅವನಿಗೆ ಕಲಿಸಿವೆ. ಆ ಅಭ್ಯಾಸದಿಂದ ಅವನ ಬೆರಳುಗಳು ದಾರಿಯನ್ನು ಹುಡುಕುತ್ತಲೇ ಇರುತ್ತವೆ. ದಾರಿಯಿಲ್ಲವೆಂಬ ಅರಿವು ಮೂಡಿದಾಗ, ಹೆತ್ತವರ ಅಸಹಾಯಕತೆ ಎಂದರೇನೆಂಬುದು ಯಾರೂ ವಿವರಿಸದೆಯೇ ಅವನಿಗೆ ತಿಳಿಯುತ್ತದೆ.

ಎಲ್ಲ ಆಟಗಳೂ ಇಂಥವಲ್ಲ. ಹೊತ್ತು ನುಂಗುವ ಆಟಗಳು ಹೇರಳವಾಗಿವೆ; ಹೊತ್ತು ನುಂಗುವ ಕಾದಂಬರಿಗಳಿಗೂ ಕೊರತೆಯಿಲ್ಲ. ಕಾದಂಬರಿಗಳಲ್ಲಿ ಒಳ್ಳೆಯದನ್ನು ಆರಿಸಿಕೊಡುವ ಹಿರಿಯರು ಆಟಗಳ ವಿಷಯದಲ್ಲಿ ಮಾತ್ರ ಗಡಿಯಾರವನ್ನು ನೋಡಿ ಸುಮ್ಮನಾಗುತ್ತಾರೆ. ಪ್ರಾಯಕ್ಕೆ ಬಂದ ಮಕ್ಕಳೊಡನೆ ಅವರೂ ಒಂದು ಸಂಜೆ ಕುಳಿತು ನೋಡಬಹುದು. ‘ಎಷ್ಟು ಅಂಕ ಬಂತು?’ ಎಂದು ಕೇಳುವ ಬದಲು, ‘ಆ ಹೆಂಗಸಿನ ಕಾಗದದ ಮೇಲೆ ಯಾವ ಮುದ್ರೆ ಒತ್ತಿದೆ? ಏಕೆ?’ ಎಂದು ಕೇಳಬಹುದು. ಅದಕ್ಕೆ ಬರುವ ಉತ್ತರದಲ್ಲಿ ಮಗನ ಅಥವಾ ಮಗಳ ಮನಸ್ಸು, ಪರೀಕ್ಷೆಯ ಅಂಕಪಟ್ಟಿಯಲ್ಲಿ ಕಾಣದಷ್ಟು ಸ್ಪಷ್ಟವಾಗಿ ಕಂಡೀತು.