ದಾರಿ ಯಾರಪ್ಪನದು?

ಗೆಳೆಯರೇ, ನಮ್ಮ ಗರಸಿನ ದಾರಿಗಳಿಗೆ ಈಗ ಬೆಲೆ ಬಂದಿದೆ!

ಪೇಟೆಯ ಜನಕ್ಕೆ ಡಾಂಬರು ಬೇಸರವಾಗಿದೆ. ಟಗರಿನ ಕೊಂಬಿನಂತೆ ಬಾಗಿದ ಹಿಡಿಕೆ, ದಪ್ಪ ಟೈರು, ಹಗುರ ಮೈಯ ಸೈಕಲ್ಲೊಂದು ಬಂದಿದೆ. ಗ್ರಾವೆಲ್ ಬೈಕ್ ಅಂತಾರೆ. ಅಗ್ಗದ್ದಕ್ಕೇ ಹತ್ತಾರು ಸಾವಿರ, ಒಳ್ಳೆಯದಕ್ಕೆ ಲಕ್ಷಗಟ್ಟಲೆ. ಖಡಿ, ಗರಸು, ಕುರುಚಲು ಕಾಡು, ಇವುಗಳ ಮೇಲೆ ಓಡಲೆಂದೇ ಹುಟ್ಟಿದ ಗಾಡಿ. ಹೊಳೆಯಾಚೆ ಹಂಪಿ ನೋಡಿದವರು ಈಚೆ ಆನೆಗುಂದಿ, ಸಾಣಾಪುರದ ಬಂಡೆಗಳ ನಡುವೆ ಸೈಕಲ್ ತುಳಿಯುವುದು ಹೊಸದೇನಲ್ಲ. ನಾಳೆ ಹಿರೇಬೆಣಕಲ್ಲಿನ ಮೋರ್ಯರ ಗುಡ್ಡದ ಕಡೆಗೆ, ಕುಷ್ಟಗಿಯ ಮಸಾರಿಯೊಳಗೆ, ಯಲಬುರ್ಗಾದ ಎರಿಯೊಳಗೆ ದಾರಿ ಹುಡುಕಿ ನಕ್ಷೆ ಬರೆದಾರು. ಬರೆಯುವ ಮುಂಚೆ ನಮ್ಮದೊಂದು ಪ್ರಶ್ನೆ: ಈ ದಾರಿ ಯಾರಪ್ಪನದು?

ಈ ಖಡಿ ಮುಗಿಲಿಂದ ಉದುರಿದ್ದಲ್ಲ. ಸುತ್ತಿಗೆ ಹಿಡಿದು ಒಡೆದವರು ವಡ್ಡರು. ಬುಟ್ಟಿಯಲ್ಲಿ ಹೊತ್ತು ಸುರಿದವರು ನಮ್ಮ ಅವ್ವಂದಿರು. 1972ರ ಬರದಲ್ಲಿ ಕಾಮಗಾರಿಯ ಮಣ್ಣು ಹೊತ್ತ ತಲೆಗಳು ನಮ್ಮವು. ದಾರಿಬದಿಯ ಜಾಲಿ ನೆರಳಲ್ಲಿ ಹಸಿದು ಅತ್ತ ಕೂಸುಗಳು ನಮ್ಮವು. ದಾರಿ ಆಯಿತು. ತುಂಗಭದ್ರೆಯ ಎಡದಂಡೆ ಕಾಲುವೆ ಗಂಗಾವತಿಯ ಗದ್ದೆಗೆ ನೀರು ತಂತು. ಕುಷ್ಟಗಿ, ಯಲಬುರ್ಗಾದ ಒಣಹೊಲದವರ ಮನೆಬಾಗಿಲಿಗೆ ಬಂದದ್ದು ಗುಳೆಯ ಬಸ್ಸು. ನಾವು ಹಾಕಿದ ದಾರಿ ಹಿಡಿದೇ ನಾವು ಗೋವಾಕ್ಕೆ, ಮಂಗಳೂರಿಗೆ, ಬೆಂಗಳೂರಿಗೆ ದುಡಿಯಲು ಹೋದೆವು.

ಪೇಟೆಯವನಿಗೆ ಕಚ್ಚಾ ದಾರಿ ಯಾಕೆ ಮೋಜು? ಅವನ ಮನೆ ಮುಂದೆ ಪಕ್ಕಾ ದಾರಿ ಇದೆ, ಅದಕ್ಕೆ! ಮಳೆಗಾಲದಲ್ಲಿ ಎರಿಮಣ್ಣು ಗಾಲಿಗೆ ಮೆತ್ತಿಕೊಂಡರೆ ಅವನಿಗೊಂದು ಸಾಹಸದ ಫೋಟೋ. ಅದೇ ಕೆಸರಿನಲ್ಲಿ ಬಸುರಿ ಹೆಂಗಸನ್ನು ಹೊರಸಿನ ಮೇಲೆ ಹೊತ್ತು ಡಾಂಬರು ಮುಟ್ಟಿಸುವವರಿಗೆ ಅದು ಸಾವು-ಬದುಕಿನ ಮಾತು. ಕಾಡಿನ ಕಥೆಯೂ ಅಷ್ಟೇ. ಕುರುಚಲಿನೊಳಗೆ ಸೈಕಲ್ ಹೊಡೆದವನು ನಿಸರ್ಗಪ್ರೇಮಿ. ಅದೇ ಕುರುಚಲಿಂದ ಒಂದು ಹೊರೆ ಕಟಗಿ ತಂದ ನಮ್ಮವ್ವ ಕಳ್ಳಿ! ಅವನಿಗೆ ದಾರಿ ತೋರಿಸುವ ಕೈಯೇ ಅವಳ ಕುಡುಗೋಲು ಕಸಿಯುತ್ತದೆ.

ಬರ್ರಿ, ಸವಾರರೇ, ಮಾರ್ಗ ನಾವು ಹೇಳ್ತೀವಿ. ನಾಲ್ಕು ತಾಲ್ಲೂಕು ಸುತ್ತುವ ಮಾರ್ಗ.

ಮೊದಲು ಗಂಗಾವತಿ ತಾಲ್ಲೂಕಿನ ಮರಕುಂಬಿ. ಹೋಟೆಲಿನಲ್ಲಿ ಚಹಾ, ಕ್ಷೌರದಂಗಡಿಯಲ್ಲಿ ಕುರ್ಚಿ, ಇವೂ ದಲಿತರಿಗೆ ದಕ್ಕದಿದ್ದ ಊರು. 2014ರ ಆಗಸ್ಟಿನಲ್ಲಿ ಇಲ್ಲಿ ಕೇರಿಗೆ ನುಗ್ಗಿ ಬಡಿದರು, ಗುಡಿಸಲುಗಳಿಗೆ ಬೆಂಕಿ ಇಟ್ಟರು.

ಆಮೇಲೆ ಕುಷ್ಟಗಿ ತಾಲ್ಲೂಕಿನ ಮಿಯಾಪುರ. 2021ರ ಸೆಪ್ಟೆಂಬರಿನಲ್ಲಿ ಪುಟ್ಟ ಕೂಸೊಂದು ಹುಟ್ಟುಹಬ್ಬದ ದಿನ ಅಪ್ಪನ ಸಂಗಡ ಹನುಮಪ್ಪನ ಗುಡಿ ಮುಂದೆ ನಿಂತಿತ್ತು. ಮಳೆಹನಿ ಬಿತ್ತು, ಕೂಸು ಒಳಗೆ ಓಡಿತು. ಗುಡಿ ಮೈಲಿಗೆಯಾಯಿತಂತೆ! ಶುದ್ಧಿಗೆ 25,000 ರೂಪಾಯಿ ಕಟ್ಟು ಅಂದರು ಅಪ್ಪನಿಗೆ. ಮಳೆಗೆ ಜಾತಿ ಗೊತ್ತಿರಲಿಲ್ಲ, ಕೂಸಿಗೂ ಗೊತ್ತಿರಲಿಲ್ಲ, ಊರಿಗೆ ಗೊತ್ತಿತ್ತು.

ಅಲ್ಲಿಂದ ಯಲಬುರ್ಗಾ ತಾಲ್ಲೂಕಿನ ಸಂಗನಾಳ. 2024ರ ಆಗಸ್ಟಿನಲ್ಲಿ ತಲೆಗೂದಲು ಕತ್ತರಿಸುವ ಮಾತಿಗೆ ಜಗಳವಾಗಿ ದಲಿತ ಯುವಕನೊಬ್ಬ ಕತ್ತರಿಯ ಇರಿತಕ್ಕೆ ಸತ್ತ.

ಕೊನೆಗೆ ಕೊಪ್ಪಳದ ನ್ಯಾಯಾಲಯ. ಮರಕುಂಬಿ ಮೊಕದ್ದಮೆಯಲ್ಲಿ 2024ರ ಅಕ್ಟೋಬರ್ 24ರಂದು 98 ಜನರಿಗೆ ಜೀವಾವಧಿ ಶಿಕ್ಷೆ ಆಯಿತು. ತೀರ್ಪಿಗೆ ಹತ್ತು ವರ್ಷ ಹಿಡಿಯಿತು. ಮುಂದಿನ ತಿಂಗಳೇ ಹೈಕೋರ್ಟಿನಲ್ಲಿ ಬಹುತೇಕರಿಗೆ ಜಾಮೀನು ಸಿಕ್ಕಿತು.

ಈ ಗುರುತುಗಳಿಲ್ಲದ ನಕ್ಷೆ ಸುಳ್ಳು ನಕ್ಷೆ. ಬಂಡೆ, ಕೆರೆ, ಸೂರ್ಯಾಸ್ತ ಬರೆದು ಕೇರಿ ಬಿಟ್ಟ ನಕ್ಷೆ ಮನುವಿನ ನಕ್ಷೆ!

ದಾರಿಯ ಜಗಳ ಇಂದಿನದಲ್ಲ. ತಿರುವಾಂಕೂರಿನ ಅಯ್ಯನ್‌ಕಾಳಿ 1893ರಲ್ಲಿ ಎತ್ತಿನ ಬಂಡಿ ಏರಿ, ತಮ್ಮ ಜನಕ್ಕೆ ನಿಷೇಧವಿದ್ದ ರಾಜಬೀದಿಯಲ್ಲಿ ಹೊರಟರು. ಬಂಡಿ ಏರಿದ್ದೇ ಬಂಡಾಯ! ಬಾಲಕ ಅಂಬೇಡ್ಕರ್ 1901ರಲ್ಲಿ ಅಪ್ಪನನ್ನು ಕಾಣಲು ಹೊರಟು ರೈಲಿಳಿದಾಗ, ಮಹಾರರ ಮಕ್ಕಳೆಂದು ತಿಳಿದು ಯಾರೂ ಬಂಡಿ ಹೊಡೆಯಲೊಲ್ಲೆ ಅಂದರು. ದುಪ್ಪಟ್ಟು ಬಾಡಿಗೆ ಕೊಟ್ಟು ಮಕ್ಕಳೇ ಬಂಡಿ ಹೊಡೆದುಕೊಂಡು ಹೋದರು. 1924-25ರಲ್ಲಿ ವೈಕಂ ಸತ್ಯಾಗ್ರಹ ನಡೆದದ್ದು ಗುಡಿ ಸುತ್ತಲಿನ ಬೀದಿಯಲ್ಲಿ ಕಾಲಿಡುವ ಹಕ್ಕಿಗೆ. ನಮ್ಮ ಹಿರಿಯರೂ ಗೌಡರ ಓಣಿ ಬಂದಾಗ ಸೈಕಲ್ಲಿಳಿದು, ಚಪ್ಪಲಿ ಬಿಚ್ಚಿ, ತಳ್ಳಿಕೊಂಡು ಹೋದವರೇ.

ಆ ಓಣಿಯಲ್ಲಿ ಇಳಿಯದೆ ಹೋದವಳು ಯಾರು ಗೊತ್ತೇನು? ಶಾಲೆಗೆ ಹೊರಟ ಕೇರಿಯ ಹುಡುಗಿ. 2006-07ರಲ್ಲಿ ಸರ್ಕಾರ 8ನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಸುರು ಮಾಡಿತು. ಅವಳು ಬೆಲ್ ಹೊಡೆದುಕೊಂಡು ಹೋದಳು, ಕಟ್ಟೆಯ ಮೇಲೆ ಕೂತವರು ಕಣ್ಣು ಕೆಕ್ಕರಿಸಿದರು, ಅಷ್ಟೇ. ಕೊರೋನಾ ಬಂದ 2020ರಲ್ಲಿ ಆ ಸೈಕಲ್ ನಿಂತಿತು. ಶಾಲೆ ಬಾಗಿಲು ತೆರೆದ ಮೇಲೂ ವರ್ಷಗಟ್ಟಲೆ ಬರಲಿಲ್ಲ. ಮಾಸ್ತರರೇ, ನಿಮಗೆ ಗೊತ್ತು: ಹೈಸ್ಕೂಲು ಪಕ್ಕದೂರಲ್ಲಿ, ಬಸ್ಸು ಹೊತ್ತಿಗಿಲ್ಲ. ಜೂನಿನಲ್ಲಿ ಹಾಜರಿ ಪುಸ್ತಕದಲ್ಲಿದ್ದ ಹೆಸರು ದೀಪಾವಳಿಗೆ ಬೀಜದ ಹೊಲದ ಕೂಲಿಯಲ್ಲಿರುತ್ತದೆ, ಇಲ್ಲವೇ ಲಗ್ನಪತ್ರದಲ್ಲಿ.

ಗರಸಿನ ಮೇಲೆ ಸೈಕಲ್ ತುಳಿಯುವ ಪಾಠ ಬೇಕಾದರೆ ತಮಿಳುನಾಡಿನ ಪುದುಕ್ಕೋಟ್ಟೈಯನ್ನು ನೋಡಿರಿ. 1991-92ರ ಸಾಕ್ಷರತಾ ಆಂದೋಲನದಲ್ಲಿ ಅಲ್ಲಿನ ಹಳ್ಳಿಯ ಹೆಂಗಸರು ಅಕ್ಷರದ ಸಂಗಡ ಸೈಕಲ್ಲೂ ಕಲಿತರು. ಕೂಲಿ ಹೆಂಗಸರು, ಕಲ್ಲುಕ್ವಾರಿಯಲ್ಲಿ ದುಡಿಯುವವರು. ಜನ ಕುಹಕವಾಡಿದರು, ಅವರು ತುಳಿದರು. ಲಕ್ಷ ಹೆಂಗಸರು ಸೈಕಲ್ ಏರಿದರು! ಖಡಿ ಒಡೆದ ಕೈ ಹಿಡಿಕೆ ಹಿಡಿಯಿತು. ಇದಕ್ಕಿಂತ ದೊಡ್ಡ ಗ್ರಾವೆಲ್ ಸವಾರಿ ಯಾವುದಿದೆ?

ಅತ್ತ ಅಮೆರಿಕದ ಕಾನ್ಸಾಸಿನಲ್ಲಿ 2006ರಿಂದ ಇಂಥದೇ ಸೈಕಲ್ ಓಟ ನಡೆಯುತ್ತ ಬಂದಿದೆ. ಆ ನೆಲದ ಮೂಲನಿವಾಸಿಗಳಾದ ಕಾಂಜಾ ಜನರ ಹೆಸರಿಗೆ ಕೊಳಕು ಎಂಬ ಮಾತು ಜೋಡಿಸಿ, ಡರ್ಟಿ ಕಾಂಜಾ ಎಂದು ಆ ಓಟಕ್ಕೆ ಹೆಸರಿಟ್ಟಿದ್ದರು. ಆ ಹೆಸರು ಬಿಡಲು 2020 ಬರಬೇಕಾಯಿತು. ನೆಲ ಕಸಿದುಕೊಂಡವರು ಮೋಜಿಗೆ ಹೆಸರನ್ನೂ ಕಸಿಯುತ್ತಾರೆ.

"ಪ್ರವಾಸಿಗಳು ಬಂದರೆ ನಿಮಗೇ ಕೆಲಸ ಸಿಗ್ತದಲ್ಲ?" ಅಂತ ಕೇಳುವವರಿದ್ದಾರೆ. ಎಂಥ ಕೆಲಸ, ಸ್ವಾಮಿ? ತಾಟು ತೊಳೆಯುವುದು, ಹಾಸಿಗೆ ಒಗೆಯುವುದು! ಕೇರಿಯ ಮನೆಯಲ್ಲಿ ಇಳಿದು ನಮ್ಮವ್ವ ಬಡಿದ ರೊಟ್ಟಿ, ಪುಂಡಿಪಲ್ಯ ಉಂಡು ಹಣ ಕೊಡ್ತೀರೇನು? ಹಾಗಿದ್ದರೆ ಬರ್ರಿ, ನಿಮ್ಮ ಟೈರು ಪಂಕ್ಚರಾದರೆ ನಾವೇ ತಿದ್ದಿ ಕೊಡ್ತೀವಿ.

ನಾವು ಸೈಕಲ್ಲಿನ ವೈರಿಗಳಲ್ಲ. ಬೆವರಿಗೆ ಗಾಳಿ ಬಡಿದಾಗಿನ ಸುಖ ನಮಗೂ ಬೇಕು. ಬರೀ ದುಡಿಯಲು ಹೋಗಿ ಬರುವುದಕ್ಕಲ್ಲ, ಸುಮ್ಮನೆ ಸುತ್ತಾಡಿ ಬರುವುದಕ್ಕೂ ದಾರಿ ಬೇಕು. ಆದರೆ ಮೊದಲು ಹೈಸ್ಕೂಲಿನ ಮಕ್ಕಳಿಗೆ ಸೈಕಲ್ ಕೊಡಿ. ಕೇರಿಯಿಂದ ಶಾಲೆಗೆ, ಕೇರಿಯಿಂದ ದವಾಖಾನೆಗೆ, ಕೇರಿಯಿಂದ ಸ್ಮಶಾನಕ್ಕೆ ದಾರಿ ಮಾಡಿ. ನಮ್ಮ ಹೆಣ ಹೊರುವಾಗ ಯಾರ ಹೊಲದ ಬದುವಿನಲ್ಲೂ ಕೈಮುಗಿದು ನಿಲ್ಲುವ ಗತಿ ಬೇಡ. ಆಮೇಲೆ ನಿಮ್ಮ ನಕ್ಷೆ ಬರೀರಿ, ನಾವೂ ಸಂಗಡ ಕೂತು ಬರೀತೀವಿ.

ವಿದ್ಯಾರ್ಥಿ ಗೆಳೆಯರೇ, ಒಂದು ಮುಂಜಾನೆ ಗೊತ್ತು ಮಾಡಿ. ಹಳೆಯ ಸೈಕಲ್ಲುಗಳಿಗೆ ಗಾಳಿ ಹೊಡೆಸಿ. ತಂಗಿಯರನ್ನು ಕರೀರಿ. ಮೊದಲ ಸೈಕಲ್ಲು ಕೇರಿಯಿಂದ ಹೊರಡಲಿ. ಅಗಸಿ ಮುಂದೆ ಇಳಿಯದೆ ಹೋಗಲಿ.