ಉಕ್ಕಿನ ಸೇತುವೆಗೂ ಕಚ್ಚಾ ಹೊಲಿಗೆ

ರಜೆಗೆ ಊರಿಗೆ ಹೊರಟಾಗ ರೈಲು ಕೃಷ್ಣೆಯ ಸೇತುವೆಯನ್ನೇರಿದೊಡನೆ ಹಿರಿಯರು ನದಿಗೊಂದು ಕಾಸು ಎಸೆದು ಕೈಮುಗಿಯುವುದನ್ನು ನಾವೆಲ್ಲ ನೋಡಿದವರೇ. ಆ ನಮಸ್ಕಾರದಲ್ಲಿ ಒಂದು ಪಾಲು ಸೇತುವೆ ಕಟ್ಟಿದವರಿಗೂ ಸಲ್ಲಬೇಕಲ್ಲವೆ?

ಉಕ್ಕಿನ ಸೇತುವೆಯ ಬಿಡಿಭಾಗಗಳು ಕಾರ್ಖಾನೆಯಲ್ಲಿ ಸಿದ್ಧವಾಗಿ ಬರುತ್ತವೆ. ನದಿಯ ಮೇಲೆ ಒಂದರ ತೂತಿಗೆ ಇನ್ನೊಂದರ ತೂತು ಸರಿಯಾಗಿ ಕೂಡಿದರಷ್ಟೇ ಬೋಲ್ಟು ಒಳಹೋದೀತು. ಆದರೆ ಉಕ್ಕು ಹೇಳಿದಂತೆ ಕೇಳುವ ವಸ್ತುವಲ್ಲ. 100 ಮೀಟರ್ ಉದ್ದದ ಉಕ್ಕು 10 ಡಿಗ್ರಿ ಕಾದರೆ ಸುಮಾರು 12 ಮಿಲಿಮೀಟರ್ ಬೆಳೆಯುತ್ತದೆ. ಬೆಸುಗೆ ಆರುವಾಗ ಕುಗ್ಗಿ, ಹಲಗೆಯನ್ನು ಸೊಟ್ಟಗಾಗಿಸುತ್ತದೆ. ತೊಲೆ ತನ್ನ ಭಾರಕ್ಕೆ ತಾನೇ ಜಗ್ಗುವುದರಿಂದ ಅದನ್ನು ಮೊದಲೇ ತುಸು ಮೇಲಕ್ಕೆ ಬಾಗಿಸಿ ಮಾಡಬೇಕಾಗುತ್ತದೆ.

ಒಳ್ಳೆಯ ದರ್ಜಿ ಮೊದಲು ಕಚ್ಚಾ ಹೊಲಿಗೆ ಹಾಕಿ, ಮೈಗೆ ಹಿಡಿದು ನೋಡುವುದು ನಮ್ಮ ಸೋದರಿಯರಿಗೆ ತಿಳಿದ ಸಂಗತಿ. ಸೇತುವೆಯ ಕೆಲಸದಲ್ಲಿಯೂ ಇದೇ ಕ್ರಮ. ಭಾಗಗಳನ್ನು ಕಾರ್ಖಾನೆಯ ಅಂಗಳದಲ್ಲಿ ಒಮ್ಮೆ ಜೋಡಿಸಿ, ಅಳೆದು, ತಿದ್ದಿ, ಮತ್ತೆ ಬಿಚ್ಚಿ ಕಳುಹಿಸುತ್ತಾರೆ. ಇದಕ್ಕೆ ವಿಶಾಲವಾದ ಜಾಗ, ಕ್ರೇನು, ಬಹಳ ಕಾಲ ಎಲ್ಲವೂ ಬೇಕು.

ಈಗ ಜಪಾನ್ ಮೊದಲಾದ ದೇಶಗಳಲ್ಲಿ ಈ ಕಚ್ಚಾ ಹೊಲಿಗೆಯನ್ನು ಕಂಪ್ಯೂಟರಿನೊಳಗೇ ಹಾಕಿ ನೋಡುವುದುಂಟು. ಸಿದ್ಧವಾದ ಪ್ರತಿಯೊಂದು ಭಾಗವನ್ನೂ ಬೆಳಕಿನ ಕಿರಣದಿಂದಲೋ ಕ್ಯಾಮರಾದಿಂದಲೋ ಅಳೆದು, ಆ ಅಂಕಿಗಳನ್ನು ಕಂಪ್ಯೂಟರಿಗೆ ಕೊಡುತ್ತಾರೆ. ಅದು ಭಾಗಗಳನ್ನು ಲೆಕ್ಕದಲ್ಲಿಯೇ ಜೋಡಿಸಿ, ಎಲ್ಲಿ ಸಂದು ಬಿಟ್ಟಿದೆ, ಯಾವ ತೂತು ತಪ್ಪಿದೆ ಎಂದು ತೋರಿಸುತ್ತದೆ. ತಪ್ಪು ನೆಲದ ಮೇಲಿರುವಾಗಲೇ ತಿದ್ದಬಹುದು.

ನಮ್ಮ ದೇಶದ ಚಿನಾಬ್ ರೈಲು ಸೇತುವೆಯನ್ನೇ ನೋಡಿ. ನದಿಯಿಂದ 359 ಮೀಟರ್ ಎತ್ತರ. ಕಮಾನಿನ ಹರವು 467 ಮೀಟರ್. ಅದರ ಭಾಗಗಳ ವಿವರ ನಕ್ಷೆಗಳನ್ನು 'ಟೆಕ್ಲಾ' ಎಂಬ ಕಂಪ್ಯೂಟರ್ ಸಾಧನದಲ್ಲಿ ಸಿದ್ಧಪಡಿಸಿದರು. ಎರಡು ದಡಗಳಿಂದ ಚಾಚಿಬಂದ ಕಮಾನಿನ ತೋಳುಗಳು 2021ರ ಏಪ್ರಿಲಿನಲ್ಲಿ ನಡುವೆ ಕೂಡಿದವು. 2025ರ ಜೂನ್ 6ರಂದು ಸೇತುವೆ ಉದ್ಘಾಟನೆಯಾಯಿತು. ಅಷ್ಟು ಎತ್ತರದಲ್ಲಿ ನಿಂತು ತೂತು ತಿದ್ದುವ ಪಾಡನ್ನು ಊಹಿಸಿಕೊಳ್ಳಿ!

ಹಾಗೆಂದು ಯಂತ್ರವೇ ಎಲ್ಲವನ್ನೂ ನೋಡಿಕೊಳ್ಳುವುದೆಂದು ನಂಬಬಾರದು. ಬಿಸಿಲಿನಲ್ಲಿ ಅಳೆದ ಭಾಗವನ್ನೂ ನೆರಳಿನಲ್ಲಿ ಅಳೆದ ಭಾಗವನ್ನೂ ಒಂದೇ ಎಂದೆಣಿಸಿ ಕೊಟ್ಟರೆ, ಕಂಪ್ಯೂಟರು ತಪ್ಪನ್ನೇ ಅಚ್ಚುಕಟ್ಟಾಗಿ ಜೋಡಿಸಿ ತೋರಿಸುತ್ತದೆ. ಅಳತೆ ಸರಿಯಿದ್ದರೂ ಸಾಲದು. ಅದು ಹೇಳುವುದಕ್ಕೆ ಕಿವಿಗೊಡುವವರಿರಬೇಕು.

ಕೆನಡಾದ ಕ್ವಿಬೆಕ್ ಸೇತುವೆಯ ಕಥೆ ಇದಕ್ಕೆ ಸಾಕ್ಷಿ. ಅಲ್ಲಿ ಸೇತುವೆಯ ಸ್ವಂತ ಭಾರವನ್ನೇ ಕಡಿಮೆ ಹಿಡಿದಿದ್ದರು. 1907ರಲ್ಲಿ ಕಟ್ಟುತ್ತಿದ್ದಾಗ ಒಂದು ಭಾಗದ ಬಾಗು ಮುಕ್ಕಾಲು ಅಂಗುಲದಿಂದ ಎರಡು ಅಂಗುಲಕ್ಕೂ ಮೀರಿ ಬೆಳೆಯಿತು. ಅದನ್ನು ಅಳೆದು ಬರೆದಿಟ್ಟವರೂ ಇದ್ದರು. ಮೊದಲೇ ಬಾಗಿತ್ತೋ ಆಮೇಲೆ ಬಾಗಿತೋ ಎಂಬ ಚರ್ಚೆಯಲ್ಲಿ ದಿನಗಳು ಕಳೆದವು. ಹೆಚ್ಚು ಭಾರ ಹೇರಬೇಡಿರೆಂಬ ಸೂಚನೆ ಕಟ್ಟುವವರ ಕೈ ಸೇರುವ ಮೊದಲೇ, ಆಗಸ್ಟ್ 29ರಂದು ಸೇತುವೆ ಕುಸಿಯಿತು. 75 ಮಂದಿ ಕೆಲಸಗಾರರು ಮಡಿದರು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆ ನಮಗೆ ಹೊಸದಲ್ಲ. ಕೆಡುವ ಮೊದಲೇ ಬುದ್ಧಿ ಹೇಳುವ ಯಂತ್ರ ಈಗ ಬಂದಿದೆ. ಆ ಮಾತನ್ನು ಕೇಳುವ ಕಿವಿಯನ್ನು ಮಾತ್ರ ನಾವೇ ಇಟ್ಟುಕೊಂಡಿರಬೇಕು.